ಬೊಂಬೆ ನೋಡಲು ಹೋದವರು

ನಮ್ಮ ಮನೆಯ ಚೌತಿ ಗಣಪತಿ ಹನ್ನೆರಡು ವರ್ಷ ನನ್ನ ಮುಖ ನೋಡಲಿಲ್ಲ. ಮಂಟಪದ ಎದುರು ಮಣೆಯ ಮೇಲೆ ಕುಳಿತು ಪೂಜೆ ಮಾಡುವವನು ನಾನು. ಅದು ನೋಡುತ್ತಿದ್ದದ್ದು ನನ್ನ ಎಡ ಭುಜದ ಮೇಲಿಂದ, ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ನನ್ನ ಹೆಂಡತಿಯನ್ನು. ಮೊದಲೆರಡು ವರ್ಷ ನನ್ನ ಭ್ರಮೆ ಎಂದುಕೊಂಡೆ. ಮೂರನೆಯ ವರ್ಷ ಮಣೆಯನ್ನು ಒಂದು ಗೇಣು ಎಡಕ್ಕೆ ಸರಿಸಿ ಕುಳಿತೆ. ಆಗ ದೀಪದ ಕಂಬ ಅಡ್ಡ ಬಂತು. ನಾಲ್ಕನೆಯ ವರ್ಷ ಮೂರ್ತಿ ಮಾಡಿದವರನ್ನೇ ಕೇಳಿದೆ.

"ಗುಡಿಗಾರ್ರೇ, ನಮ್ಮ ಗಣಪತಿ ನನ್ನ ಕಡೆ ಎಂತಕ್ಕೆ ನೋಡೂದಿಲ್ಲ?"

"ಅದು ನೋಡೂದಿಲ್ಲ ಅಲ್ಲ ಮಾಸ್ತರೇ, ನಾನೇ ತಪ್ಸಿದ್ದು. ಹಬ್ಬದ ದಿನ ಎದ್ದ ಕೂಡ್ಲೆ ನಿಮ್ಮ ಮುಖ ನೋಡಿದ್ರೆ ಗಣಪತಿಗೂ ಚಿಂತೆ ಹತ್ತೂದಲ್ರಾ. ಆಮೇಲೆ ವಿಘ್ನ ಕಳೆಯೋರು ಯಾರು?"

ಅವರು ತೀರಿಕೊಂಡು ಆರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹೊನ್ನಾವರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಬಂದರಿಗೆ ಇಳಿಯುವ ಓಣಿಯಲ್ಲಿ ಹಂಚಿನ ಮಾಡಿನ ಕೆಳಗೆ ಕುಳಿತು ಗಣಪತಿ ಮಾಡುವ ಗುಡಿಗಾರರು ಎಂದರೆ ಅವರೊಬ್ಬರೇ ಎಂಬಂತೆ ಇಡೀ ಊರು ನಡೆದುಕೊಳ್ಳುತ್ತಿತ್ತು. ಎತ್ತರದ ಆಳು. ಸದಾ ಮೊಣಕಾಲು ಮಡಚಿ ಕುಳಿತು ಕೆಲಸ ಮಾಡಿದ್ದರಿಂದ ನಿಂತಾಗಲೂ ಅರ್ಧ ಕುಳಿತವರಂತೆ ಕಾಣುತ್ತಿದ್ದರು. ಬಲಗೈ ಹೆಬ್ಬೆರಳು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದಂತೆ ಅಗಲ, ಚಪ್ಪಟೆ, ನುಣುಪು. ಆ ಹೆಬ್ಬೆರಳ ವಿಷಯ ಮುಂದೆ ಬರುತ್ತದೆ. ಬಾರದಿದ್ದರೆ ಚೆನ್ನಾಗಿತ್ತು.

ಚೌತಿಗೆ ತಿಂಗಳಿರುವಾಗ ಮನೆಯಿಂದ ಮಣೆ ಒಯ್ದು ಕೊಟ್ಟುಬರುವುದು ನಮ್ಮ ಕಡೆಯ ಪದ್ಧತಿ. ಆ ಮಣೆಯ ಮೇಲೆಯೇ ಮೂರ್ತಿ ಏಳುತ್ತದೆ. ಬೇರೆಯವರು ಮಣೆ ಇಸಿದುಕೊಂಡು ಮೂಲೆಗಿಡುತ್ತಾರೆ. ಇವರು ಹಾಗಲ್ಲ; ಮಣೆ ಕೊಟ್ಟವನನ್ನು ಕೂರಿಸಿಕೊಂಡು ಪೊಲೀಸರ ಹಾಗೆ ಜಬಾನಿ ಹೇಳಿಕೆ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಕುಮಟೆಯ ಬಟ್ಟೆ ಅಂಗಡಿಯವರೊಬ್ಬರು ಬಂದಿದ್ದರು.

"ಮಂಟಪ ಎಷ್ಟು ಎತ್ರ?"

"ಸೊಂಟದ ಎತ್ರ."

"ಯಾರ ಸೊಂಟ? ನಿಮ್ದಾ, ನಿಮ್ಮ ಅಪ್ಪಂದಾ?"

"ನಂದೇ."

"ಪೂಜೆ ಮಾಡೋರು ಕೂತ್ಕಂತ್ರೋ, ನಿಂತ್ಕಂತ್ರೋ? ಮನೆಲಿ ಹಿರಿಯರು ಕೂರೂದು ಎಲ್ಲಿ? ಬೆಳಕು ಯಾವ ಕಿಟಕಿಂದ ಬತ್ತದೆ?"

"ಗಣಪತಿ ಕೇಳಿದ್ರೆ ಮನೆ ಕಟ್ಟೋ ಮೇಸ್ತ್ರಿ ಹಾಂಗೆ ಮಾತಾಡ್ತ್ರಲ್ರಾ!" ಎಂದು ಅಂಗಡಿಯವರು ನಕ್ಕರು. ಗುಡಿಗಾರರು ನಗಲಿಲ್ಲ.

ಇದೆಲ್ಲ ಕಣ್ಣಿಗಾಗಿ. ಮೂರ್ತಿಯ ಕಣ್ಣು ಬರೆಯುವುದು ಕೊನೆಯ ಕೆಲಸ. ಹಬ್ಬದ ಹಿಂದಿನ ದಿನ ಸ್ನಾನ ಮಾಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು ಕೂರುತ್ತಿದ್ದರು. ಕಣ್ಣಿನ ಬಿಳಿಗೆ ಅಘನಾಶಿನಿಯ ಚಿಪ್ಪಿ ಸುಣ್ಣವೇ ಬೇಕು. ಮೈಗೆ ಹೆಬಳೆಯ ಗದ್ದೆಯ ಮಣ್ಣೇ ಬೇಕು. ಹೊನ್ನಾವರದಲ್ಲಿ ಮಣ್ಣಿಲ್ಲವೇ ಎಂದು ಕೇಳಿದರೆ, "ಇದೆ, ಗೋಡೆಗೆ ಆಗ್ತದೆ" ಎನ್ನುತ್ತಿದ್ದರು. ಆದರೆ ಮುಖ್ಯವಾದದ್ದು ದೃಷ್ಟಿ. ಕಣ್ಣು ಸುಮ್ಮನೆ ತೆರೆದರೆ ಸಾಲದು, ಅದು ಒಬ್ಬರ ಮೇಲೆ ಬೀಳಬೇಕು ಎಂಬುದು ಅವರ ಹಠ. ಆ ಒಬ್ಬರು ಯಾರು ಎಂಬುದನ್ನು ಪ್ರತಿ ಮನೆಗೂ ಅವರೇ ತೀರ್ಮಾನಿಸುತ್ತಿದ್ದರು, ಯಾರಿಗೂ ಹೇಳುತ್ತಿರಲಿಲ್ಲ. ಸುಣ್ಣ ತಂದುಕೊಡುತ್ತಿದ್ದ ಅಘನಾಶಿನಿಯ ಅಜ್ಜಿಯೊಬ್ಬಳಿದ್ದಳು. ಮಂಡಿನೋವಿನಿಂದ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿಯೇ ಕೂರಬೇಕು. ಅವಳ ಗಣಪತಿಯ ರೆಪ್ಪೆ ಪ್ರತಿವರ್ಷ ಅರ್ಧ ಇಳಿದಿರುತ್ತಿತ್ತು. ನಿಂತು ನೋಡಿದವರಿಗೆ ನಿದ್ದೆಗಣ್ಣು. ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ನೋಡಿದರೆ, "ಎಂತ ಅಜ್ಜಿ, ಹುಷಾರಿದ್ದೀಯಾ?" ಎನ್ನುವ ಹಾಗೆ.

ಇಂಥವರ ಕಣ್ಣಿಗೆ ಮೋತಿಬಿಂದಿನ ಪೊರೆ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಎಡಗಣ್ಣು ಪೂರಾ ಬಿಳಿಚಿಕೊಂಡಿತ್ತು. ಬಲಗಣ್ಣಿನಲ್ಲಿ ನೆನೆದ ಕಾಗದದ ಮೂಲಕ ನೋಡಿದಂತೆ ಕಾಣುತ್ತದೆ ಎನ್ನುತ್ತಿದ್ದರು. ನಲವತ್ತು ಮನೆಗಳ ಕಣ್ಣು ಅವರ ಕೈಯಲ್ಲಿತ್ತು. ಅವರಿಗೆ ಬೇರೆ ಬಯಕೆ ಇದ್ದದ್ದನ್ನು ನಾನು ಕಾಣೆ. ಆ ಕುಂಚ ಕೈತಪ್ಪಬಾರದು, ಅಷ್ಟೇ.

ಮುಂಬೈಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನನ್ನ ಭಾವ ಗುಮಾಸ್ತನಾಗಿದ್ದ. ಅವನಿಗೆ ಏಳು ಕಾಗದ ಬರೆದು, ಎಂಟನೆಯದರಲ್ಲಿ ಅತ್ತು, ದೊಡ್ಡ ಡಾಕ್ಟರ ಭೇಟಿಯ ಪತ್ರ ತರಿಸಿದೆ. ಮೇ ತಿಂಗಳ ಒಂದು ಬುಧವಾರ, ಹನ್ನೊಂದರಿಂದ ಒಂದು ಗಂಟೆಯೊಳಗೆ ಬರಬೇಕು. ಅಂದು ಡಾಕ್ಟರು ನೋಡಿ ಹೆಸರು ಬರೆದುಕೊಂಡವರಿಗೆ ಮಾತ್ರ ಮಳೆಗಾಲದ ಮೊದಲು ಆಪರೇಶನ್. ಮರುದಿನ ಡಾಕ್ಟರು ವಿಲಾಯತಿಗೆ ಹೋಗುವವರು. ಕರೆದುಕೊಂಡು ಹೋಗುವ ಹೊಣೆಯನ್ನು ನಾನೇ ಹೊತ್ತೆ. ಚಿಂತೆ ಮಾಡುವವರ ಸಂಕಟವೇ ಇದು. ಬೇರೆಯವರಿಗೆ ಬಿಟ್ಟರೆ ಕೆಲಸ ಕೆಡುತ್ತದೆ ಎಂಬ ಭಯ, ಹಾಗಾಗಿ ನಾವೇ ಹೋಗಿ ಕೆಡಿಸಿ ಬರುತ್ತೇವೆ.

ಆ ಪತ್ರ ಕಳೆದುಹೋದೀತೆಂದು ನನ್ನ ಬನಿಯನ್ನಿನ ಒಳಗಡೆ ಹೆಂಡತಿಯಿಂದ ಕಿಸೆ ಹೊಲಿಸಿದೆ. ಕಿಸೆ ಹರಿದೀತೆಂದು ಎರಡು ಪಿನ್ನು ಹಾಕಿಸಿದೆ. ಪಿನ್ನು ಚುಚ್ಚೀತೆಂದು ಒಳಗೆ ಅರಿವೆ ಇಡಿಸಿದೆ. ಮುಂಬೈಗೆ ಹೋಗುವ ಉಗಿಹಡಗು, ನಮ್ಮ ಮಾತಿನ ಆಗಬೋಟು, ಅಳಿವೆಯ ಹೊರಗೆ ನಿಲ್ಲುತ್ತಿತ್ತು; ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ಏಣಿ ಹತ್ತುವಾಗ ಕಣ್ಣು ಕಾಣದವರು ಅವರು, ಕಿರುಚಿದವನು ನಾನು. ದಾರಿಯುದ್ದಕ್ಕೂ ನಾನು ಗಂಟೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

"ಮಾಸ್ತರೇ, ಎದೆನೋವಾ?"

"ಅಲ್ಲ, ಪತ್ರ."

"ಪತ್ರಕ್ಕೆ ನೋವಾ?"

ಬುಧವಾರ ಬೆಳಿಗ್ಗೆ ಎಂಟು ಗಂಟೆಗೇ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಟ್ರಾಮು ತಪ್ಪೀತು, ದಾರಿ ತಪ್ಪೀತು, ಮಳೆ ಬಂದೀತು ಎಂದು ನಾನು ಅವರನ್ನು ಐದಕ್ಕೇ ಎಬ್ಬಿಸಿದ್ದೆ. ಯಾವುದೂ ತಪ್ಪಲಿಲ್ಲ. ಕಾವಲುಗಾರ ಹತ್ತೂವರೆಗೆ ಮೊದಲು ಒಳಗೆ ಬಿಡುವುದಿಲ್ಲ ಎಂದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ರಸ್ತೆಯ ಆಚೆ ಬದಿಗೆ ಒಂದು ಸಭಾಂಗಣ, ಮೇಲೆ ಬಣ್ಣದ ಬೋರ್ಡು: ಜಗತ್ಪ್ರಸಿದ್ಧರ ಮೇಣದ ಪ್ರತಿಮೆಗಳು, ಜೀವಂತ ಕಂಡಂತೆ, ಒಳಗೆ ಫ್ಯಾನು ಇದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಕತೆಯ ಪ್ರಕಾರ ಗುಡಿಗಾರರು ಆ ಬೋರ್ಡು ಕಂಡದ್ದೇ ಎಳೆಯ ಮಗುವಿನಂತೆ ಹಠ ಹಿಡಿದರು, ಪಾಪದ ಮಾಸ್ತರು ಎಷ್ಟು ಬೇಡವೆಂದರೂ ಕೇಳಲಿಲ್ಲ. ಆ ಕಣ್ಣಿಗೆ ರಸ್ತೆಯಾಚೆಯ ಬೋರ್ಡು ಕಾಣುವುದಾದರೂ ಹೇಗೆ ಎಂದು ಇಷ್ಟು ದಿನ ಒಬ್ಬರೂ ಕೇಳಿಲ್ಲ. ಬೋರ್ಡು ಓದಿದವನು ನಾನು. ಫ್ಯಾನು ಎಂಬ ಮಾತಿಗೆ ಮರುಳಾದವನು ನಾನು.

"ಬೇಡ ಮಾಸ್ತರೇ," ಎಂದರು ಅವರು. "ಇಲ್ಲೇ ಮೆಟ್ಲ ಮೇಲೆ ಕೂತ್ಕಂಬ. ಒಳಗೆ ಹೋದ್ರೆ ನಂಗೆ ಬೇಗ ಹೊರಗೆ ಬರೂಕಾಗೂದಿಲ್ಲ. ನಂಗೆ ನನ್ನ ಗೊತ್ತಲ್ರಾ."

"ಅರ್ಧ ತಾಸು. ಹೋಗಿ ಬಂದುಬಿಡುವ. ಇಲ್ಲಿ ಕೂತು ಬಿಸಿಲು ಬಡಿದು ನಿಮಗೆ ಜ್ವರ ಬಂದರೆ ಡಾಕ್ಟರು ಕಣ್ಣು ಮುಟ್ಟುತ್ತಾರೆಯೇ?" ಎಂದೆ.

ಒಂಬತ್ತಕ್ಕೆ ಬಾಗಿಲು ತೆರೆಯಿತು. ಒಳಗೆ ಪದಕಗಳ ಭಾರಕ್ಕೆ ಬಾಗಿದಂತಿದ್ದ ಒಬ್ಬ ಮಹಾರಾಜ, ತೊಡೆ ತಟ್ಟಿ ನಿಂತ ಪೈಲವಾನ, ತಂಬೂರಿ ಹಿಡಿದ ಗಾಯಕ, ಬಿಳಿ ಸೇನಾಪತಿ, ಉಯ್ಯಾಲೆಯ ಮೇಲೆ ಕುಳಿತ ಸಿನಿಮಾ ತಾರೆ. ಹೆಸರು ಬರೆಯುವುದಿಲ್ಲ. ಅವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಮುಂಬೈಯಲ್ಲಿ ತಮ್ಮ ಮೂಗಿನ ಗತಿ ಏನಾಗಿದೆ ಎಂದು ಅವರಿಗೆ ತಿಳಿಯುವುದು ಬೇಡ. ನನಗಂತೂ ಎಲ್ಲವೂ ಅದ್ಭುತವಾಗಿ ಕಂಡವು. ಸೇನಾಪತಿಯ ಎದುರು ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಗುಡಿಗಾರರು ಮಹಾರಾಜನ ಮುಂದೆ ನಿಂತರು. ಹಗ್ಗದ ಮೇಲೆ ಬಾಗಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಹಿಂದೆ ಬಂದರು. ಬಲಕ್ಕೆ ಸರಿದರು, ಎಡಕ್ಕೆ ಸರಿದರು. ಆಮೇಲೆ ಜನರ ಕಾಲುಗಳ ನಡುವೆ ನೆಲದ ಮೇಲೆ ಕುಳಿತು ಮುಖ ಎತ್ತಿದರು. ಸುತ್ತಲಿದ್ದವರು ಮಹಾರಾಜನನ್ನು ಬಿಟ್ಟು ಇವರನ್ನು ನೋಡಲು ತೊಡಗಿದರು. ನನಗೆ ನಾಚಿಕೆಯಿಂದ ಬೆವರು ಬಂತು, ಫ್ಯಾನಿನ ಕೆಳಗೇ.

"ಮಾಸ್ತರೇ, ಈ ರಾಜ ಎಲ್ಲಿ ನೋಡ್ತಾನ್ರಾ?"

"ಎದುರಿಗೆ."

"ಎದುರಿಗೆ ಯಾರಿದ್ರು?"

"ಯಾರೂ ಇಲ್ಲ. ಗೋಡೆ."

"ಅದೇ," ಎಂದು ಎದ್ದರು.

ಪೈಲವಾನನ ಮುಂದೆ ಅದೇ ಕೆಲಸ. ಗಾಯಕನ ಮುಂದೆ ಅದೇ. ಎಲ್ಲಿ ನಿಂತರೆ, ಎಲ್ಲಿ ಕೂತರೆ ಆ ಕಣ್ಣಿಗೆ ತಾನು ಸಿಗುತ್ತೇನೆ ಎಂದು ಹುಡುಕುವುದು, ಸಿಗದೆ ಏಳುವುದು. "ಇಷ್ಟು ಚಂದ ಕಿವಿ ಮಾಡಿದಾರೆ. ಉಗುರಿನ ಬುಡ ಕೂಡ ಬಿಟ್ಟಿಲ್ಲ. ಕಣ್ಣು ಬರೆಯೂವಾಗ ಮಾತ್ರ ಎದುರು ಒಬ್ರನ್ನೂ ಕೂರಿಸ್ಕಳ್ಳಿಲ್ಲ. ಎಂತಕ್ಕೆ ಹಾಂಗೆ ಮಾಡ್ತ್ರಾ ಇವ್ರು?" ಅವರ ದನಿಯಲ್ಲಿ ಟೀಕೆ ಇರಲಿಲ್ಲ. ಹೊತ್ತಿಗೆ ಊಟ ಸಿಗದ ನೆಂಟರ ಬಗ್ಗೆ ಮಾತಾಡಿದಂತಿತ್ತು. ನಾನು ಗಡಿಯಾರ ನೋಡಿದೆ. ಒಂಬತ್ತೂಮುಕ್ಕಾಲು. ಇನ್ನೂ ಹೊತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬದುಕಿನಲ್ಲಿ ನಾನು ಚಿಂತೆ ಮಾಡದೆ ಕಳೆದ ಕಾಲು ತಾಸು ಅದೊಂದೇ ಇರಬೇಕು.

ಸಿನಿಮಾ ತಾರೆಯ ಹತ್ತಿರ ಹಗ್ಗ ಸಡಿಲವಾಗಿತ್ತು. ಗುಡಿಗಾರರು ಒಳಗೆ ಬಾಗಿದರು. ಮೇಣ ಹಳೆಯದಾಗಿ, ಬೇಸಿಗೆಗೆ ಮೆದುವಾಗಿ, ಅವಳ ಒಂದು ರೆಪ್ಪೆ ಊದಿಕೊಂಡಂತಿತ್ತು. ಅದನ್ನು ನಾನೂ ಕಂಡೆ. ನಾನು ಕಂಡು ಸುಮ್ಮನಿದ್ದೆ. ಅವರ ಹೆಬ್ಬೆರಳು ಸುಮ್ಮನಿರಲಿಲ್ಲ. ಐವತ್ತು ವರ್ಷ ಹಸಿ ಮಣ್ಣಿನ ಉಬ್ಬನ್ನು ಕಂಡಲ್ಲಿ ಮಾಡಿದ್ದನ್ನೇ ಅದು ಮಾಡಿತು. ನಾಲಿಗೆಗೆ ಹೋಗಿ ಒದ್ದೆಯಾಗಿ ಬಂದು, ರೆಪ್ಪೆಯ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಮೃದುವಾಗಿ ಸವರಿತು. ಕೈ ಹಿಂದೆ ಬಂದಾಗ ತಾರೆಯ ಕಣ್ಣಿನ ಕೂದಲು ಒಂದೆಳೆಯೂ ಬಿಡದಂತೆ ಹೆಬ್ಬೆರಳಿಗೆ ಅಂಟಿತ್ತು.

ಯಾರೋ ಹೆಂಗಸು ಚೀರಿದಳು. ದರವಾನ ಓಡಿ ಬಂದ.

ನಮ್ಮನ್ನು ಮ್ಯಾನೇಜರನ ಕೋಣೆಗೆ ಒಯ್ದರು. ಮ್ಯಾನೇಜರ್ ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಂಡ ದಪ್ಪ ಮನುಷ್ಯ. ಮಾಲೀಕರು ಬರಲಿ, ಅವರು ಹೇಳಿದಂತೆ ಪೊಲೀಸರಿಗೆ ಕೊಡುವುದೋ ಬಿಡುವುದೋ ನೋಡೋಣ, ಅಲ್ಲಿಯವರೆಗೆ ಕೂತಿರಿ ಎಂದ. ಕೋಣೆಯ ಕಿಟಕಿಯಿಂದ ಆಸ್ಪತ್ರೆಯ ಬಾಗಿಲೂ ಅದರ ಮೇಲಿನ ಗಡಿಯಾರವೂ ನೇರವಾಗಿ ಕಾಣುತ್ತಿದ್ದವು. ಹತ್ತೂಕಾಲು. ಹತ್ತೂವರೆಗೆ ಬಾಗಿಲು ತೆರೆದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ಕೋಲು ಹಿಡಿದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಹನ್ನೊಂದಾಯಿತು.

ಪತ್ರ ನನ್ನ ಎದೆಯ ಮೇಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಇಡಲಿಲ್ಲ. ಪತ್ರದಲ್ಲಿ ನನ್ನ ಹೆಸರಿತ್ತು, ಶಾಲೆಯ ವಿಳಾಸವಿತ್ತು, ಭಾವನ ಸಹಿ ಇತ್ತು. ಪೊಲೀಸು ಕೇಸಾಗಿ ಶಾಲೆಗೆ ಕಾಗದ ಹೋದರೆ? ಭಾವನ ನೌಕರಿ ಹೋದರೆ? ಕಣ್ಣು ಕಾಣದವರನ್ನು ಬೊಂಬೆ ತೋರಿಸಲು ತಂದಿರಾ ಎಂದು ಕೇಳಿದರೆ? ಹನ್ನೆರಡಾಯಿತು. ಪತ್ರದ ವಿಷಯ ಗುಡಿಗಾರರಿಗೂ ಗೊತ್ತಿತ್ತು. ಅವರು ಅದರ ಸುದ್ದಿ ಎತ್ತಲಿಲ್ಲ. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, "ಮಾಸ್ತರೇ, ನಿಮ್ಗೆ ಹೆಂಗೆ ಕಾಣ್ತದ್ಯೋ ಹಾಂಗೆ ಮಾಡಿ" ಎಂದರು. ಆಮೇಲೆ ಮ್ಯಾನೇಜರನೊಡನೆ ಮರಾಠಿಯಲ್ಲಿ ಮಾತಿಗಿಳಿದರು.

"ಸಾಹೇಬರೇ, ಇವರನ್ನು ನೀರಿಗೆ ಬಿಡುವುದು ಯಾವಾಗ?"

"ನೀರಿಗೆ? ಯಾರನ್ನು?"

"ಇವರನ್ನೆಲ್ಲ. ರಾಜ, ಪೈಲವಾನ, ಉಯ್ಯಾಲೆ ಮೇಲಿನ ಆ ಬಾಯಿ."

"ನೀರಿಗೆ ಯಾಕೆ ಬಿಡಬೇಕು? ಇವು ಹೀಗೇ ಇರುತ್ತವೆ."

"ಯಾವಾಗಲೂ?"

"ಯಾವಾಗಲೂ!"

ಗುಡಿಗಾರರು, "ಪಾಪ" ಎಂದರು. ಮ್ಯಾನೇಜರ್ ನನ್ನ ಕಡೆ ತಿರುಗಿ ತಲೆಯ ಹತ್ತಿರ ಬೆರಳು ತಿರುಗಿಸಿ ಕಣ್ಣಲ್ಲೇ ಕೇಳಿದ. ನಾನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

ಒಂದು ಹೊಡೆಯಿತು. ಆಸ್ಪತ್ರೆಯ ಬಾಗಿಲು ಮುಚ್ಚಿದರು. ಪತ್ರ ಕೆಲಸಕ್ಕೆ ಬಾರದಂತಾದ ಮೇಲೆ ಅದನ್ನು ತೋರಿಸಲು ನನಗೆ ಧೈರ್ಯ ಬಂತು. ಅಂಗಿ ಬಿಚ್ಚಿ, ಪಿನ್ನು ತೆಗೆದು, ಅರಿವೆ ಸರಿಸಿ, ಬೆವರಿಗೆ ಒದ್ದೆಯಾದ ಪತ್ರವನ್ನು ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಓದಿದ. ಅವನ ಮುಖದ ಗಂಟು ಬಿಚ್ಚಿಹೋಯಿತು.

"ಅರೇ, ಕಣ್ಣಿನ ರೋಗಿಯೇ! ಮೊದಲೇ ಹೇಳಬಾರದಿತ್ತೇ ಮಾಸ್ತರ್? ಆಗಲೇ ಬಿಡುತ್ತಿದ್ದೆನಲ್ಲ. ಓಡಿ, ಓಡಿ."

ಓಡಿದೆವು. ಆಸ್ಪತ್ರೆಯ ಕಾವಲುಗಾರ ದೀಪಾವಳಿ ಆದ ಮೇಲೆ ಬನ್ನಿ ಎಂದ. ಭಾವನ ಮೂಲಕ ಅತ್ತರೂ, ಬೈದರೂ ಪಟ್ಟಿ ಮುಗಿದಿತ್ತು.

ಊರಿಗೆ ಹೊರಟಿದ್ದು ಮಳೆಗಾಲಕ್ಕೆ ಮೊದಲಿನ ಕೊನೆಯ ಆಗಬೋಟು. ಡೆಕ್ಕಿನ ಮೇಲೆ ನಾನು ಅವರಿಗೆ ಮನಸ್ಸಿಗೆ ಬಂದಂತೆ ಬೈದೆ. ನನ್ನ ಮೇಲಿನ ಸಿಟ್ಟಿಗೆ ಬೇರೆ ಜಾಗ ಇರಲಿಲ್ಲ.

"ನಿಮ್ಮ ಆ ಹೆಬ್ಬೆರಳು ಒಂದು ಕ್ಷಣ ಸುಮ್ಮನಿರಬಾರದಿತ್ತೇ?"

"ಅದು ನಾನು ಹೇಳಿ ಕೇಳೂದಲ್ಲ ಮಾಸ್ತರೇ. ಅದೇ ನಂಗೆ ಹೇಳೂದು." ಸ್ವಲ್ಪ ಹೊತ್ತಿನ ಮೇಲೆ, "ರೆಪ್ಪೆ ಮಾತ್ರ ಈಗ ಸಮ ಆತು" ಎಂದರು.

ಹೊನ್ನಾವರದಲ್ಲಿ ದೋಣಿ ದಡಕ್ಕೆ ತಾಗುವ ಮೊದಲೇ ನಾಲ್ಕಾರು ಮಂದಿ ಕಾದಿದ್ದರು. "ಆಪರೇಶನ್ ಆತಾ? ಎಂತಾತು?" ಎಂದು ಒಟ್ಟಿಗೆ ಕೇಳಿದರು. ನಾನು ಯೋಚಿಸಲಿಲ್ಲ. ಯೋಚಿಸದೆ ಬಂದ ಮಾತು ಅದು ಎಂದು ಇವತ್ತಿಗೂ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ.

"ಎಂತ ಆಪರೇಶನ್ನು! ಬೊಂಬೆ ನೋಡ್ಬೇಕು ಅಂತ ಹಠ ಹಿಡಿದ್ರು. ಹೊತ್ತು ಮೀರಿತು."

ಗುಡಿಗಾರರು ನನ್ನ ಹಿಂದೆ ದೋಣಿಯವನ ಕೈ ಹಿಡಿದು ಇಳಿಯುತ್ತಿದ್ದರು. ಒಂದು ಕಾಲು ನೀರಿನಲ್ಲಿ, ಒಂದು ಕಾಲು ದೋಣಿಯಲ್ಲಿ. ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತರು. ಆಮೇಲೆ, "ಹೌದ್ರಾ," ಎಂದರು. "ಕಸುಬಿನ ಬುದ್ಧಿ. ಮಾಸ್ತರು ಎಷ್ಟು ಹೇಳಿದ್ರು, ನಾ ಕೇಳ್ಲಿಲ್ಲ."

ಅಲ್ಲಿಂದ ಅದು ಅವರ ಕತೆಯಾಯಿತು. ಓಣಿಯಲ್ಲಿ ಹೋಗುವವರು, "ಗುಡಿಗಾರ್ರೇ, ನಿಮ್ಮ ಸಿನಿಮಾ ಬಾಯಿ ಹೆಂಗಿದಾಳೆ?" ಎಂದು ಕೆಣಕುವರು. "ಒಂದು ಕಣ್ಣು ಹೊಡೀತಾಳೆ, ಇನ್ನೊಂದರ ಕೂದಲು ನನ್ನ ಹತ್ರ ಇದೆ" ಎಂದು ಇವರು. ಹೇಳಿದ ಹಾಗೆಲ್ಲ ಕತೆ ಬೆಳೆಯಿತು. ನಾನು ಅವರ ಧೋತರದ ಸೆರಗು ಹಿಡಿದು ಎಳೆದದ್ದು, ಟ್ರಾಮಿನ ಹಳಿಯ ಮೇಲೆ ಅಡ್ಡ ಮಲಗಿ ಬೇಡಿಕೊಂಡದ್ದು, ಕೊನೆಗೆ ಮ್ಯಾನೇಜರನ ಕಾಲು ಹಿಡಿದು ಬಿಡಿಸಿ ತಂದದ್ದು. ನಾನು ಎದುರಿಗಿದ್ದರೆ ಇನ್ನೂ ಒಂದೆರಡು ಸಾಹಸ ಸೇರುತ್ತಿದ್ದವು. ನಾನು ನೆಲ ನೋಡುತ್ತ ಕೂತಿರುತ್ತಿದ್ದೆ. ಮಾಸ್ತರು ಎಷ್ಟು ಸಂಕೋಚದವರು ಎಂದು ಜನ ಮೆಚ್ಚುತ್ತಿದ್ದರು.

ಆ ವರ್ಷದ ಚೌತಿಯನ್ನು ಬಲಗಣ್ಣಿನ ಮಬ್ಬಿನಲ್ಲೇ ದಾಟಿಸಿದರು. ದೀಪಾವಳಿಯ ಮೇಲೆ ಕಾರವಾರದ ಡಾಕ್ಟರು ನೋಡಿ, ಪೊರೆ ಮಾಗಿ ಒಳಗೆ ಒತ್ತಡ ಹತ್ತಿದೆ, ನರ ಸತ್ತಿದೆ, ಇನ್ನು ಮುಂಬೈಗೆ ಹೋಗಿ ಉಪಯೋಗವಿಲ್ಲ ಎಂದರು. "ಆರು ತಿಂಗಳ ಹಿಂದೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿದರು. ಕೇಳಿದ್ದು ಅವರನ್ನು. ಉತ್ತರ ಬರಬೇಕಾದದ್ದು ನನ್ನಿಂದ. ಗುಡಿಗಾರರು, "ಚೌತಿ ಕೆಲ್ಸ ಇತ್ತು" ಎಂದರು.

ಮರುವರ್ಷ, ಸ್ವಾತಂತ್ರ್ಯ ಬಂದ ವರ್ಷದ ಚೌತಿಗೆ, ಅವರಿಗೆ ಬೆಳಕು ಯಾವುದು ಕತ್ತಲು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಮಣ್ಣಿನ ಕೆಲಸವನ್ನು ಬೆರಳುಗಳೇ ಮಾಡಿದವು, ಬಣ್ಣವನ್ನು ಅವರ ತಮ್ಮನ ಮಗ ಹಚ್ಚಿದ. ಬಾವುಟ ಹಿಡಿದ ಗಣಪತಿ ಬೇಕು ಎಂದು ಬಂದವರಿಗೆ, "ಬಾವುಟ ಹಿಡಿದ್ರೆ ಮೋದಕ ಹಿಡಿಯೂದು ಎಲ್ಲಿ? ಸ್ವಾತಂತ್ರ್ಯ ಬಂತು ಅಂತ ಅದನ್ನ ಉಪವಾಸ ಕೆಡಗ್ತ್ರಾ?" ಎಂದು ವಾಪಸು ಕಳಿಸಿದರು. ಕಣ್ಣು ಮಾತ್ರ ಯಾರಿಗೂ ಬಿಡಲಿಲ್ಲ. ಹಬ್ಬದ ಹಿಂದಿನ ದಿನ ಪ್ರತಿ ಮನೆಯಿಂದ ಒಬ್ಬರು ಬಂದು ಮೂರ್ತಿಯ ಎದುರು, ಮನೆಯಲ್ಲಿ ಕೂರುವ ಹಾಗೆಯೇ ಕೂತು, ಮಾತಾಡುತ್ತಿರಬೇಕು ಎಂದು ಅಪ್ಪಣೆಯಾಯಿತು. ಎಡಗೈ ಹೆಬ್ಬೆರಳನ್ನು ಮೂರ್ತಿಯ ಮೂಗಿನ ಬುಡದಲ್ಲಿಟ್ಟು, ಬಲಗೈಯಲ್ಲಿ ಕುಂಚ ಹಿಡಿದು, ದನಿ ಬರುವ ದಿಕ್ಕಿಗೆ ಅವರು ಕಣ್ಣು ಬರೆಯುವರು.

ಅಘನಾಶಿನಿಯ ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಸೊಸೆಯನ್ನು ಬೈಯುತ್ತ ಹೋದಳು. ಅ ಇಂದ ಕ್ಷ ವರೆಗೆ ಬೈದಳು. ಅವಳ ಗಣಪತಿಯ ರೆಪ್ಪೆ ಎಂದಿನಂತೆ ಅರ್ಧ ಇಳಿದು, ಅವಳನ್ನೇ ನೋಡುತ್ತ ಎದ್ದಿತು. ನೋಡುತ್ತಿದ್ದ ನಮಗೆಲ್ಲ ಮೈ ಜುಮ್ಮೆಂದಿತು.

ಆಮೇಲೆ ನನ್ನ ಸರದಿ. ಹೆಂಡತಿಯನ್ನು ಕರೆತರುತ್ತೇನೆ ಎಂದೆ, ನಮ್ಮ ಗಣಪತಿ ನೋಡುವುದು ಅವಳನ್ನೇ ಅಲ್ಲವೇ ಎಂದು.

"ಈ ಸಲ ನೀವೇ ಕೂತ್ಕಣಿ. ಮಾತಾಡಿ."

ಏನು ಮಾತಾಡಲಿ?

"ಶಾಲೆಲಿ ದಿನಕ್ಕೆ ಐದು ತಾಸು ಮಾತಾಡ್ತ್ರಿ, ಇಲ್ಲಿ ಎಂತಾತ್ರಾ? ಕೈ ಕಾಯ್ತಾ ಇದೆ."

"ಗುಡಿಗಾರ್ರೇ, ಆ ದಿನ ಮುಂಬೈಯಲ್ಲಿ..." ಎಂದೆ.

ಕುಂಚ ತಡೆಯಿತು. ತಮ್ಮ ಸರದಿಗೆ ಕಾಯುತ್ತ, ಗುಡಿಗಾರರಿಗೆ ಕೊಡುವ ವೀಳ್ಯದ ತಟ್ಟೆ ಹಿಡಿದು ಕೂತಿದ್ದ ಏಳೆಂಟು ಮಂದಿ ನನ್ನ ಕಡೆ ತಿರುಗಿದರು. ನಗಲು ಸಿದ್ಧರಾಗಿ, ಸಿನಿಮಾ ಬಾಯಿಯ ಕತೆ ಬರುತ್ತದೆ ಎಂದು. ನಾನು ಅವರ ಮುಖಗಳನ್ನು ನೋಡಿದೆ. ಇಬ್ಬರು ನನ್ನ ಶಿಷ್ಯರ ತಂದೆಯರು. ಒಬ್ಬರು ಶಾಲಾ ಕಮಿಟಿಯವರು.

"ಹದಿನೇಳೊಂದ್ಲೆ ಹದಿನೇಳು," ಎಂದೆ. "ಹದಿನೇಳೆರಡ್ಲೆ ಮೂವತ್ನಾಲ್ಕು."

ಎಲ್ಲರೂ ಗೊಳ್ಳೆಂದರು. ಕುಂಚ ಚಲಿಸಿತು. ನಾನು ಮಗ್ಗಿ ಹೇಳುತ್ತಲೇ ಹೋದೆ. ಹದಿನೇಳೆಂಟ್ಲೆ ನೂರ ಮೂವತ್ತೆಂಟು ಎಂದಾಗ ಅವರು ಕೈಯೆತ್ತದೆಯೇ, "ಮೂವತ್ತಾರು" ಎಂದು ತಿದ್ದಿದರು. ಹದಿನೇಳ್ಹತ್ಲೆ ಮುಗಿಯುವಾಗ ಎರಡನೆಯ ಕಣ್ಣೂ ಮುಗಿದಿತ್ತು.

"ಆತು," ಎಂದರು. ಆಮೇಲೆ ಮೂರ್ತಿಯನ್ನು ಬಟ್ಟೆಯಿಂದ ಮುಚ್ಚುತ್ತ, ನನಗೊಬ್ಬನಿಗೇ ಕೇಳುವಂತೆ, "ಈ ಸಲ ನಿಮ್ಮನ್ನೇ ನೋಡ್ತದೆ. ಹೆದರ್ಬೇಡಿ ಮಾಸ್ತರೇ. ಒಂದೂವರೆ ದಿನ ಅಲ್ರಾ. ಮತ್ತೆ ನೀರಿಗೆ."

ನೋಡಿತು. ಮಣೆಯನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ, ಆರತಿಯ ಹೊಗೆ ಹೆಚ್ಚು ಮಾಡಿದೆ. ಅಡಿಗೆಮನೆಯ ಬಾಗಿಲಿಂದ ಹೆಂಡತಿ, "ಈ ವರ್ಷ ಕೃಪೆಯೆಲ್ಲ ನಿಮ್ಮ ಮೇಲೇ ಇದ್ದ ಹಾಗಿದೆ" ಎಂದಳು. ಹನ್ನೆರಡು ವರ್ಷ ನಾನು ಬೇಡಿದ್ದು ಅದನ್ನೇ. ಮರುದಿನ ಸಂಜೆ ಶರಾವತಿಯಲ್ಲಿ ಸೊಂಟದವರೆಗೆ ಇಳಿದು ಮೂರ್ತಿಯನ್ನು ಬಿಡುವಾಗಲೂ ಮುಖವೇ ಕಡೆಗೆ ಮುಳುಗಿತು.

ಫಾಲ್ಗುಣದಲ್ಲಿ ಎರಡು ದಿನದ ಜ್ವರಕ್ಕೆ ಗುಡಿಗಾರರು ಹೋದರು. ಹನ್ನೆರಡನೆಯ ದಿನ ಅವರ ಜಗಲಿಯಲ್ಲಿ ಊರಿನವರು ಕೂಡಿದ್ದರು. ಊಟ ಮುಗಿದು ಎಲೆ ಅಡಿಕೆಗೆ ಕೂತಾಗ ಯಾರೋ ಪ್ರೀತಿಯಿಂದಲೇ ತೆಗೆದರು: "ಎಂಥ ಕೈ ಮಾರಾಯ್ರೇ! ಬೊಂಬೆ ನೋಡೂ ಆಸೆಗೆ ಕಣ್ಣು ಕಳ್ಕಂಡ್ರು." ಎಲ್ಲರೂ ನಕ್ಕರು. ಅಘನಾಶಿನಿಯ ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡಳು.

ನಾನು ಎದ್ದು ನಿಂತೆ. ಹೇಳಿದೆ, ಈ ಸಲ ಪೂರ್ತಿ ಹೇಳಿದೆ. ಬೋರ್ಡು ಓದಿದವನು ನಾನು, ಒಳಗೆ ಕರೆದುಕೊಂಡು ಹೋದವನು ನಾನು, ಅವರು ಬೇಡವೆಂದಿದ್ದರು, ಪತ್ರ ನನ್ನ ಬನಿಯನ್ನಿನಲ್ಲಿತ್ತು, ಮೂರು ತಾಸು ನಾನು ಅದನ್ನು ತೆಗೆಯಲಿಲ್ಲ, ದಡದಲ್ಲಿ ಸುಳ್ಳು ಹೇಳಿದವನೂ ನಾನೇ.

ಇನ್ನು ಬೈಗುಳ ಬರುತ್ತದೆ ಎಂದು ಕಾದೆ. ಆ ಹೊತ್ತಿನಲ್ಲಿ ನನಗೆ ಅದರ ಚಿಂತೆ ಇರಲಿಲ್ಲ. ಬರಲಿ ಎಂದೇ ಇದ್ದೆ.

ಮೊದಲು ಮಾತಾಡಿದ್ದು ಅಜ್ಜಿ. "ಕೇಳಿದ್ರಾ? ಸತ್ತೋರ ಮೇಲೆ ತಪ್ಪು ಬರೂದು ಬೇಡ ಅಂತ ತನ್ನ ಮೈಮೇಲೆ ಎಳ್ಕಂತ್ರು. ಇಂಥ ಮನಸ್ಸು ಯಾರಿಗಿದೆ ಹೇಳಿ!"

"ಅಲ್ಲ ಅಜ್ಜಿ, ನಿಜವಾಗಿ..."

"ಗುಡಿಗಾರ್ರೇ ಹೇಳಿದಾರೆ ಬಿಡಿ ಮಾಸ್ತರೇ," ಎಂದರು ಕಮಿಟಿಯವರು. "ಟ್ರಾಮಿನ ಹಳಿ ಮೇಲೆ ಅಡ್ಡ ಮಲಗಿದ್ರಂತಲ್ಲ ನೀವು. ನಮ್ಗೆಲ್ಲ ಗೊತ್ತಿದೆ."

"ಕೂತ್ಕಣಿ, ಕೂತ್ಕಣಿ. ಬೆವರ್ತಾ ಇದೀರಿ."

ಯಾರೋ ಬೆನ್ನು ಸವರಿದರು. ಒಳಗಿನಿಂದ ಚಹಾ ಬಂತು. ಹಿರಿಯರು ಅಷ್ಟು ಮಂದಿ ಇದ್ದರೂ ಮೊದಲ ಲೋಟವನ್ನು ನನ್ನ ಕೈಗೇ ಕೊಟ್ಟರು. ಬೇಡ ಎಂದರೂ ಬಿಡಲಿಲ್ಲ. ಕುಡಿದೆ.